ಗೂಬೆ ಗಣತಿಯ ಮೂರನೆಯ ಗೆರೆ

“ಇನ್ನೊಂದ್ಸಲ ಹಾಕಿ,” ಎಂದರು ಇನ್‌ಸ್ಪೆಕ್ಟರ್.

ಆಗಲೇ ಹನ್ನೊಂದು ಸಲ ಆಗಿತ್ತು. ಕಿವಿಯಕ್ಕ ಹನ್ನೆರಡನೆಯ ಸಲ ಗುಂಡಿ ಒತ್ತಿದಳು.

ವಸ್ತುಸಂಗ್ರಹಾಲಯದ ಧ್ವನಿಕೋಣೆಯ ಎರಡು ಸ್ಪೀಕರುಗಳಿಂದ ಅವಳ ತಮ್ಮನ ದನಿ ಹೊರಬಂತು. “ಅಕ್ಕ, ನಾನು ಕಣೇ. ಗಿರಣಿ ರಸ್ತೇಲಿದ್ದೀನಿ. ಗಾಡಿ ಪಂಕ್ಚರ್ ಆಗೋಯ್ತು. ತಳ್ಕೊಂಡು ಬರ್ತೀನಿ, ತಡ ಆಗುತ್ತೆ. ಒಳಗಿಂದ ಚಿಲಕ ಹಾಕ್ಕೋಬೇಡ.” ಇಪ್ಪತ್ತಮೂರು ಸೆಕೆಂಡು. ಶುಕ್ರವಾರ ರಾತ್ರಿ ಒಂಬತ್ತು ಗಂಟೆ ಮೂವತ್ತೊಂದು ನಿಮಿಷಕ್ಕೆ ಅವಳ ಫೋನಿಗೆ ಬಂದು ಬಿದ್ದಿದ್ದ ಸಂದೇಶ.

ಅದೇ ರಾತ್ರಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಊರಿನ ಗೂಬೆ ಗಣತಿ ನಡೆಸುತ್ತಿದ್ದ ನಿವೃತ್ತ ಮೇಷ್ಟ್ರು ನೀರಿನ ಘಟಕದ ತೊಟ್ಟಿಯಲ್ಲಿ ಮುಳುಗಿ ಸತ್ತಿದ್ದರು. ಅವರನ್ನು ತಳ್ಳಿದ ಅನುಮಾನದ ಮೇಲೆ ತಮ್ಮ ಮೂರು ದಿನದಿಂದ ಪೊಲೀಸ್ ಠಾಣೆಯಲ್ಲಿದ್ದ.

ಮಾತಿನ ಹಿಂದೆ ಒಂದು ಹಕ್ಕಿ ಕೂಗುತ್ತಿತ್ತು. ಒಂದೇ ಸ್ವರ, ಆಳದ ಬಾವಿಗೆ ಹನಿ ಬಿದ್ದ ಹಾಗೆ. ಆಮೇಲೆ ಮೌನ. ಮತ್ತೆ ಅದೇ ಸ್ವರ.

“ಹೇಳಿ ಮೇಡಂ. ಯಾವುದಿದು?”

“ಚಿಟ್ಟುಗೂಬೆ.”

“ಅಷ್ಟು ಖಾತ್ರಿಯಾಗಿ?”

“ಈ ಊರಲ್ಲಿರೋದೇ ನಾಲ್ಕು ಜಾತಿ. ಕಣಜಗೂಬೆ ಕೂಗಿದ್ರೆ ಹಳೇ ಬೆಡ್‌ಶೀಟು ಹರಿದ ಹಾಗಿರುತ್ತೆ. ಹಾಲಕ್ಕಿಗಳು ಜಗಳ ಆಡೋ ವಾರಗಿತ್ತಿಯರ ಥರ, ಒಂದು ಶುರು ಮಾಡಿದ್ರೆ ಇನ್ನೊಂದು ಸುಮ್ನಿರಲ್ಲ. ಕೊಂಬಿನ ಗೂಬೆದು ಖಾಲಿ ಬಾಟ್ಲಿ ಬಾಯಿಗೆ ಊದಿದ ಹಾಗೆ, ಎರಡು ಸಲ. ಹೀಗೆ ಒಂದೊಂದೇ ಹನಿ ಹಾಕೋದು ಚಿಟ್ಟುಗೂಬೆ ಮಾತ್ರ.”

“ನನಗೆ ಗೂಬೆಗೂ ಕಾಗೆಗೂ ವ್ಯತ್ಯಾಸ ಗೊತ್ತಾಗಲ್ಲ,” ಎಂದು ಇನ್‌ಸ್ಪೆಕ್ಟರ್ ನಕ್ಕರು. “ಆ ಹುಚ್ಚೆಲ್ಲ ನಮ್ಮ ಮನೆಯವಳದ್ದು.” ಅವರ ಹೆಂಡತಿ ಹಲ್ಲಿನ ಡಾಕ್ಟರು, ಗಣತಿಯ ಸ್ವಯಂಸೇವಕಿ. “ಚಿಟ್ಟುಗೂಬೆ ಎಲ್ಲಿರುತ್ತೆ?”

“ಹಳೇ ಗಿರಣಿ ಗೋಡೆ ಪೊಟರೇಲಿ. ಒಂಬತ್ತು ವರ್ಷದಿಂದ ಅಲ್ಲೇ. ಬೇರೆಲ್ಲೂ ಇಲ್ಲ.”

“ನೀರಿನ ಘಟಕದ ಹತ್ರ?”

“ಒಂದು ಸಲಾನೂ ಸಿಕ್ಕಿಲ್ಲ.”

ಇನ್‌ಸ್ಪೆಕ್ಟರ್ ಕುರ್ಚಿಗೆ ಒರಗಿದರು. ದಪ್ಪ ಮೀಸೆಯ, ಮೆತ್ತಗೆ ಮಾತಾಡುವ ಮನುಷ್ಯ. “ಹಾಗಾದ್ರೆ ಮುಗೀತು. ನೀವು ಅಕ್ಕ, ನಾಳೆ ಯಾರೂ ಪಕ್ಷಪಾತ ಅನ್ಬಾರ್ದು ಅಂತ ಗಣತಿಗೆ ಬರೋ ಔಷಧಿ ಅಂಗಡಿಯವರಿಗೂ ಇದನ್ನ ಕೇಳಿಸಿದ್ದೆ. ಅವರೂ ಅದೇ ಹೇಳಿದ್ರು. ನಿಮ್ಮ ತಮ್ಮ ಗಿರಣಿ ರಸ್ತೇಲಿದ್ದ, ಮೇಷ್ಟ್ರು ಕಾಲು ಜಾರಿ ಬಿದ್ರು. ನೀವೊಂದು ಹೇಳಿಕೆಗೆ ಸಹಿ ಹಾಕಿ, ಹುಡುಗ ಇವತ್ತು ಸಂಜೇನೇ ಮನೆಗೆ. ನಾಲ್ಕೂವರೆಗೆ ಕಾಗದ ತರ್ತೀನಿ.”

“ಮಧ್ಯೆ ಅವನನ್ನ ಒಂದ್ಸಲ ನೋಡ್ಬಹುದಾ?”

“ಹತ್ತು ನಿಮಿಷ. ನಾನು ಹೇಳಿರ್ತೀನಿ.”

ಅವರು ಹೋದರು. ಬಾಗಿಲ ರಬ್ಬರು ಅಂಚು ಉಸ್ಸೆಂದು ಮುಚ್ಚಿಕೊಂಡು ಹೊರಗಿನ ಸದ್ದನ್ನೆಲ್ಲ ನುಂಗಿತು.

ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ.

ಕಿವಿಯಕ್ಕ ಎನ್ನುವುದು ಮೇಷ್ಟ್ರೇ ಇಟ್ಟ ಹೆಸರು. ಇಪ್ಪತ್ತೆರಡು ವರ್ಷದ ಕೆಳಗೆ, ಹಕ್ಕಿಗಳ ಕೂಗು ಕೂಡಿಡುವ ಈ ಧ್ವನಿಕೋಣೆಯ ಕೆಲಸಕ್ಕೆ ಸೇರಿದ ಮೊದಲ ವಾರ, ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಐವತ್ತು ಹಕ್ಕಿಗಳ ಕೂಗು ಕೇಳಿಸಿದ್ದರು. ಅವಳು ನಲವತ್ತೆಂಟು ಸರಿ ಹೇಳಿದ್ದಳು. “ಜಾತಿ ಹೇಳೋದು ಅರ್ಧ ಕೆಲಸ ಕಣಮ್ಮ,” ಎಂದಿದ್ದರು. “ಉಳಿದರ್ಧ ಏನು ಅಂತ ಆಮೇಲೆ ಹೇಳ್ತೀನಿ.” ಆ ಅರ್ಧವನ್ನು ಅವರು ಹೇಳಿದರೋ ಇಲ್ಲವೋ ಅವಳಿಗೆ ನೆನಪಿರಲಿಲ್ಲ.

ಕೂಗು ತೀರಾ ಅಚ್ಚುಕಟ್ಟಾಗಿತ್ತು. ಅವಳನ್ನು ಕೊರೆಯುತ್ತಿದ್ದುದು ಅದೇ.

ಗಿರಣಿಯ ಹಕ್ಕಿಗೆ ಈಗ ವಯಸ್ಸಾಗಿತ್ತು. ಈ ವರ್ಷ ಅದು ನಡುನಡುವೆ ಒಂದು ಹನಿ ಮರೆಯುತ್ತಿತ್ತು. ಸಂದೇಶದ ಹಕ್ಕಿ ಒಂದನ್ನೂ ಮರೆತಿರಲಿಲ್ಲ.

ಅವಳು ಸಂದೇಶವನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ತೆರೆದಳು. ಸದ್ದಿಗೂ ಒಂದು ಮುಖವಿರುತ್ತದೆ: ತಗ್ಗಿನ ದನಿ ಕೆಳಗೆ, ಏರಿನ ದನಿ ಮೇಲೆ, ಜೋರಾದದ್ದು ಕಪ್ಪಗೆ. ತಮ್ಮನ ಮಾತು ಮೋಡದಂತೆ ಕವಿದಿತ್ತು. ಅದರ ನಡುವೆ ಗೂಬೆಯ ಕೂಗುಗಳು, ಅಂಗಿಗೆ ಹೊಲಿದ ಗುಂಡಿಗಳಂತೆ, ಒಂದೇ ಅಂತರದಲ್ಲಿ ಆರು.

ಮೂರನೆಯ ಗುಂಡಿಯ ಬೆನ್ನಿಗೆ, ‘ಪಂಕ್ಚರ್’ ಎಂಬ ಮಾತಿನ ಅಡಿಯಲ್ಲಿ, ಸುಣ್ಣದ ಪುಡಿ ಚೆಲ್ಲಿದಂಥ ಒಂದು ಕಲೆ.

ಅವಳ ಕೈ ಮೌಸಿನ ಮೇಲೆ ನಿಂತಿತು.

ಭಂಡಾರದಿಂದ ನೂರ ಹನ್ನೆರಡನೆಯ ಧ್ವನಿಮುದ್ರಿಕೆ ತೆಗೆದಳು. ಒಂಬತ್ತು ವರ್ಷದ ಹಿಂದೆ ಗಿರಣಿ ಗೋಡೆಯ ಕೆಳಗೆ ಮೇಷ್ಟ್ರು ಸ್ವತಃ ಮುದ್ರಿಸಿಕೊಂಡ ಚಿಟ್ಟುಗೂಬೆಯ ಕೂಗು. ಚಿತ್ರದ ಪಕ್ಕ ಚಿತ್ರ ಇಟ್ಟಳು. ಗುಂಡಿಗೆ ಗುಂಡಿ ಕೂತಿತು, ಮೂರನೆಯದರ ಬೆನ್ನಿಗಿದ್ದ ಕಲೆಯೂ ಸೇರಿ.

ಆ ಕಲೆ ಏನೆಂದು ಗಣತಿಯವರಿಗೆಲ್ಲ ಗೊತ್ತು. ಮೂರನೆಯ ಕೂಗಿಗೆ ಮೇಷ್ಟ್ರಿಗೆ ಸೀನು ಬಂದಿತ್ತು. ಅಂಗೈಯಲ್ಲಿ ಮೂಗು ಮುಚ್ಚಿ ಅದುಮಿದ್ದರೂ ಮೈಕು ಬಿಟ್ಟಿರಲಿಲ್ಲ. ‘ಮೇಷ್ಟ್ರ ಸೀನು’ ಎಂದರೆ ಗಣತಿಯವರ ಹಳೆಯ ನಗೆಮಾತು.

ಹಕ್ಕಿ ಸಿಗದ ಕಡೆ, ನಿಜವಾಗಿ ಇಲ್ಲವೋ ಅಥವಾ ಸುಮ್ಮನಿದೆಯೋ ಎಂದು ತಿಳಿಯಲು, ಒಂಬತ್ತೂವರೆಗೆ ಸರಿಯಾಗಿ ಆ ಮುದ್ರಿಕೆಯನ್ನು ಜೋರಾಗಿ ಹಾಕುತ್ತಾರೆ. ಇದ್ದರೆ ಉತ್ತರ ಕೊಡುತ್ತದೆ. ಅದಕ್ಕೆಂದು ಗಣತಿಯಲ್ಲಿರುವುದು ಒಂದೇ ಒಂದು ಕೈ ಸ್ಪೀಕರು. ಅದು ತೊಟ್ಟಿಯ ದಂಡೆಯಲ್ಲಿ, ಸತ್ತ ಮೇಷ್ಟ್ರ ಚೀಲದಲ್ಲಿ ಸಿಕ್ಕಿತ್ತು.

ಜಾತಿಯನ್ನು ಅವಳು ಸರಿಯಾಗಿಯೇ ಹೇಳಿದ್ದಳು. ಔಷಧಿ ಅಂಗಡಿಯವರೂ ಸರಿಯಾಗಿಯೇ ಹೇಳಿದ್ದರು. ಕೂಗಿದ್ದು ಹಕ್ಕಿಯೇ ಹೌದೋ ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಪಳಗಿದ ಕಿವಿಗೆ ಮಾತ್ರ ಆಗುವಂಥ ತಪ್ಪು.

ತಮ್ಮ ಆ ಹೊತ್ತಿಗೆ ಗಿರಣಿ ರಸ್ತೆಯಲ್ಲಿರಲಿಲ್ಲ. ಮೇಷ್ಟ್ರ ಮಗ್ಗುಲಲ್ಲೇ ನಿಂತಿದ್ದ.

ಅದು ಈ ಊರಿನಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೆ. ಬಾಯಿ ಮುಚ್ಚಿಕೊಂಡು ಸಹಿ ಹಾಕಿದರೆ ಸಂಜೆಗೆ ಅವನು ಮನೆಯಲ್ಲಿ.

*

ಠಾಣೆಯ ಹಿಂದಿನ ಕೋಣೆಯಲ್ಲಿ ಒಂದು ಬೆಂಚು, ಒಂದು ಮೇಜು, ಸರಳಿನ ಕಿಟಕಿ. ಬಾಗಿಲಲ್ಲಿ ಕಾನ್‌ಸ್ಟೆಬಲ್ ಪೇಪರು ಹಿಡಿದು ಆಕಳಿಸುತ್ತಿದ್ದ. ತಮ್ಮ ಲಿಫ್ಟ್ ರಿಪೇರಿಯವನು, ವಯಸ್ಸು ಮೂವತ್ತೆರಡು. ಮೂರು ದಿನದ ಗಡ್ಡ, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು.

“ಊಟ ಮಾಡಿದ್ಯಾ ಪುಟ್ಟ?”

“ಮಾಡ್ದೆ. ಇಲ್ಲಿನ ಅಡುಗೆ ನಿನ್ನದಕ್ಕಿಂತ ವಾಸಿ.”

ಬೇರೆ ದಿನವಾಗಿದ್ದರೆ ತಲೆಗೊಂದು ಮೊಟಕುತ್ತಿದ್ದಳು. ಈಗ ಮೇಜಿನ ಮೇಲೆ ಬಾಗಿ ದನಿ ಇಳಿಸಿದಳು. “ನಿನ್ನ ಸಂದೇಶದಲ್ಲಿ ಮೇಷ್ಟ್ರು ಸೀನಿದ್ದು ಕೇಳಿಸ್ತು ನಂಗೆ.”

“ಸುಮ್ನೆ ಏನೇನೋ ಹೇಳ್ಬೇಡ. ಅವ್ರು ಸೀನ್ಲೇ ಇಲ್ಲ ಅವತ್ತು.”

ಆಡಿದ ಮಾತು ಅವನ ಕಿವಿಗೇ ಬಿತ್ತು.

“ಅವತ್ತು ಸೀನಲಿಲ್ಲ ಅಂತ ನಿಂಗೆ ಹೇಗೆ ಗೊತ್ತು?”

ಕಾನ್‌ಸ್ಟೆಬಲ್ ಪುಟ ತಿರುಗಿಸಿದ. ತಮ್ಮ ತಲೆ ತಗ್ಗಿಸಿ ಮೇಜಿನ ಗೀಚನ್ನು ಉಗುರಿನಿಂದ ಕೆರೆಯತೊಡಗಿದ.

“ಹೇಳೋ. ಹತ್ತು ನಿಮಿಷ ಕೊಟ್ಟಿದ್ದಾರೆ, ಅದರಲ್ಲಿ ಎರಡು ನಿನ್ನ ಅಡುಗೆ ವಿಮರ್ಶೆಗೇ ಹೋಯ್ತು.”

“ನಾನು ತಳ್ಳಿಲ್ಲ ಅಕ್ಕ.”

“ಅದನ್ನ ನಾನು ಕೇಳ್ಲಿಲ್ಲ. ಅಲ್ಲಿಗ್ಯಾಕೆ ಹೋದೆ?”

“ಅವ್ರೇ ಕರೆದ್ರು.”

“ಎರಡು ವಾರದ ಹಿಂದೆ ಎಲ್ಲರ ಮುಂದೆ ನಿನ್ನ ಗೂಬೆ ಲೆಕ್ಕದ ಹಾಳೆ ಕಳ್ಳ ಹಾಳೆ ಅಂತ ಗಣತಿಯಿಂದ ಹೆಸರು ಹೊಡೆದು ಹಾಕಿದೋರು, ನಿನ್ನ ಕರೆದ್ರಾ? ನೀನು ‘ನೋಡ್ಕೋತೀನಿ’ ಅಂತ ಕೂಗಾಡಿದ್ದೂ ಎಲ್ಲರೂ ಕೇಳಿದ್ದಾರೆ. ಅವರ ನೆರಳಿಗೂ ಹೋಗ್ಬೇಡ ಅಂದಿದ್ನಾ ಇಲ್ವಾ?”

“ಅದಕ್ಕೇ ಗಿರಣಿ ರಸ್ತೆ ಅಂತ ನಿಂಗೆ ಸುಳ್ಳು ಹೇಳಿದ್ದು. ಆಮೇಲೆ ಇವ್ರು ಹಿಡ್ಕೊಂಡ್ರು. ಸಂದೇಶದಲ್ಲಿ ಒಂದು, ಬಾಯಲ್ಲಿ ಒಂದು ಅಂದ್ರೆ ಇನ್ನೂ ಕೆಡುತ್ತೆ ಅಂತ ಅದನ್ನೇ ಹೇಳ್ತಾ ಹೋದೆ.” ಅವನು ಮೂಗು ಒರೆಸಿಕೊಂಡ. “ಮೇಷ್ಟ್ರು ಕ್ಷಮೆ ಕೇಳೋಕೆ ಕರೆದಿದ್ರು, ಅಕ್ಕ.”

ಮೂವತ್ತೈದು ವರ್ಷ ಪಾಠ ಹೇಳಿದ ಮನುಷ್ಯ, ಯಾರ ಬಳಿಯೂ ಕ್ಷಮೆ ಕೇಳಿದ್ದನ್ನು ಅವಳು ಕಂಡಿರಲಿಲ್ಲ.

“ಏನಂದ್ರು? ಅವರ ಮಾತಲ್ಲೇ ಹೇಳು.”

“‘ಎರಡು ಗೆರೆ ಒಂದೇ ದಿಕ್ಕಿಗೆ ಓಡ್ತಿದ್ವು ಕಣೋ. ಒಂದು ಅಸಲು, ಒಂದು ನಕಲು. ನಾನು ನಕಲು ಉಳಿಸ್ಕೊಂಡು ಅಸಲು ಅಳಿಸಿಬಿಟ್ಟೆ’ ಅಂದ್ರು. ನನ್ನ ಹಾಳೆ ನೋಡಿ ಬೇರೆ ಯಾರೋ ಬರ್ಕೊಂಡಿದ್ರಂತೆ. ಯಾರು ಅಂತ ಕೇಳ್ದೆ. ‘ಇವತ್ತು ಹಾಳೆ ಒಪ್ಪಿಸೋವಾಗ ಅವರ ಮುಖ ನೋಡಿ ನಾನೇ ಕೇಳ್ತೀನಿ, ಅಲ್ಲೀವರೆಗೆ ಹೆಸರು ಎತ್ತಲ್ಲ’ ಅಂದ್ರು. ಮೇಷ್ಟ್ರಲ್ವಾ.”

“ಆಮೇಲೆ?”

“ಒಂಬತ್ತೂವರೆಗೆ ಸ್ಪೀಕರು ಹಾಕಿದ್ರು. ಆಗ್ಲೇ ನಿಂಗೆ ಆ ಸಂದೇಶ ಕಳಿಸ್ದೆ. ಒಂಬತ್ತೂ ನಲವತ್ತಕ್ಕೆ ಹೊರಟೆ. ಅವ್ರು ದಂಡೆ ಮೇಲೆ ಮಡಚೋ ಕುರ್ಚೀಲಿ ಕೂತಿದ್ರು. ಕೈ ಬೀಸಿದ್ರು.”

“ಅಲ್ಲಿ ಬೇರೆ ಗೂಬೆ ಏನಾದ್ರೂ ಕೂಗ್ತಾ?”

“ಈಗ ಗೂಬೆ ಯಾಕೆ?”

“ಕೇಳಿದ್ದಕ್ಕೆ ಹೇಳು.”

“ನಾನು ಹೋದ ಹೊಸದ್ರಲ್ಲಿ ಕೊಂಬಿನ ಗೂಬೆ ಕೂಗ್ತು. ದೂರದಲ್ಲಿ. ಒಂಬತ್ತು ಇಪ್ಪತ್ತನಾಲ್ಕು. ಮೇಷ್ಟ್ರು ಕನ್ನಡಕ ಮರೆತು ಬಂದಿದ್ರು, ದಿಕ್ಸೂಚಿ ಓದೋಕೆ ನಂಗೇ ಹೇಳಿದ್ರು. ಎಪ್ಪತ್ತು ಡಿಗ್ರಿ.”

“ಸರಿಯಾಗಿ ನೆನಪಿದ್ಯಾ?”

“‘ನನ್ನ ವಯಸ್ಸು ಕಣೋ, ಮರೀಬೇಡ’ ಅಂದ್ರು. ಹೇಗೆ ಮರೀಲಿ?”

“ಇದನ್ನ ಇನ್‌ಸ್ಪೆಕ್ಟರಿಗೆ ಹೇಳಿದ್ಯಾ?”

“ಅವ್ರು ಕೇಳೋದು ಒಂದೇ. ‘ಗಿರಣಿ ರಸ್ತೇಲಿದ್ದೆ ತಾನೇ? ಗಟ್ಟಿಯಾಗಿ ಹೇಳು, ಅಷ್ಟು ಸಾಕು.’ ಒಳ್ಳೇವ್ರು ಅಕ್ಕ, ಒಂದು ಏಟೂ ಹಾಕಿಲ್ಲ. ಬಿಡಿಸೋ ಆತುರ ನನಗಿಂತ ಅವ್ರಿಗೇ ಜಾಸ್ತಿ.”

“ಟೈಮಾಯ್ತು,” ಎಂದ ಕಾನ್‌ಸ್ಟೆಬಲ್, ಪೇಪರಿನಿಂದ ತಲೆ ಎತ್ತದೆ.

*

ಗಣತಿಯ ಲೆಕ್ಕ ನಿಂತಿರುವುದು ಹಾಳೆಯ ಮೇಲೆ. ಊರಿನ ಸುತ್ತ ಏಳು ತಾಣ. ಒಂದೊಂದರಲ್ಲಿ ಒಬ್ಬೊಬ್ಬರು, ಒಂಬತ್ತರಿಂದ ಹತ್ತರವರೆಗೆ, ದೀಪ ಆರಿಸಿ ಕೂರುತ್ತಾರೆ. ಕೂಗು ಕೇಳಿದೊಡನೆ ಮೂರು ಸಂಗತಿ ಬರೆಯಬೇಕು: ಜಾತಿ, ಹೊತ್ತು, ದಿಕ್ಸೂಚಿಯ ಡಿಗ್ರಿ. ದೊಡ್ಡ ಗೂಬೆಯ ಕೂಗು ಎರಡು ಮೂರು ತಾಣಕ್ಕೆ ಕೇಳುತ್ತದೆ. ಒಂದನ್ನೇ ಮೂರು ಮಾಡಿ ಎಣಿಸಬಾರದೆಂದು, ಆಮೇಲೆ ಪ್ರತಿ ತಾಣದಿಂದ ನಕ್ಷೆಯ ಮೇಲೊಂದು ಗೆರೆ ಎಳೆಯುತ್ತಾರೆ. ಗೆರೆಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಹಕ್ಕಿ.

ಧ್ವನಿಕೋಣೆಯ ದೊಡ್ಡ ಮೇಜಿಗೆ ಹೊದಿಸಿದ್ದುದೇ ಆ ನಕ್ಷೆ. ಕಿವಿಯಕ್ಕ ಪೆನ್ಸಿಲು ಮಸೆದಳು.

ಶುಕ್ರವಾರದ ಹಾಳೆಗಳು ಐದು. ಮೇಷ್ಟ್ರದು ಸಿಗಲೇ ಇಲ್ಲ. ಆರನೆಯ ತಾಣ ತಮ್ಮನದು. ಅವನನ್ನು ತೆಗೆದ ಮೇಲೆ ಖಾಲಿ. ಊರಿನ ಆಚೆ ತುದಿಯ ಒಂದು, ಎರಡು, ಮೂರನೆಯ ತಾಣಗಳಿಗೆ ಕೊಂಬಿನ ಗೂಬೆ ಕೇಳಿಯೇ ಇರಲಿಲ್ಲ.

ಕೇಳಿದ್ದು ಇಬ್ಬರಿಗೆ.

ಐದನೆಯ ತಾಣ, ಆಟದ ಮೈದಾನದ ಮೂಲೆ, ಔಷಧಿ ಅಂಗಡಿಯವರು: ಕೊಂಬಿನ ಗೂಬೆ, 9-24, ನಲವತ್ತು ಡಿಗ್ರಿ. ಅಂದರೆ ಈಶಾನ್ಯ.

ಏಳನೆಯ ತಾಣ, ರೈಲ್ವೆ ಕಾಲುಸೇತುವೆ, ಹಲ್ಲಿನ ಡಾಕ್ಟರು: ಕೊಂಬಿನ ಗೂಬೆ, 9-24, ನಲವತ್ತು ಡಿಗ್ರಿ.

ಮೈದಾನದಿಂದ ಒಂದು ಗೆರೆ ಎಳೆದಳು. ಕಾಲುಸೇತುವೆಯಿಂದ ಇನ್ನೊಂದು. ಎರಡೂ ರೈಲು ಹಳಿಯಂತೆ ಪಕ್ಕಪಕ್ಕ ಓಡಿ ನಕ್ಷೆಯ ಅಂಚು ದಾಟಿ ಮೇಜಿನ ಮರದ ಮೇಲೆ ಹೋದವು. ಭೂಮಿಯ ಕೊನೆಯವರೆಗೆ ಎಳೆದರೂ ಅವು ಕೂಡುವ ಹಾಗಿರಲಿಲ್ಲ.

ಒಂದೂವರೆ ಕಿಲೋಮೀಟರು ದೂರ ಕೂತ ಇಬ್ಬರಿಗೆ, ಒಂದೇ ಹೊತ್ತಿಗೆ ಕೂಗಿದ ಒಂದೇ ಹಕ್ಕಿ, ಒಂದೇ ಡಿಗ್ರಿಯಲ್ಲಿ ಕೇಳಿಸಲಾರದು. ಯಾರೋ ಇನ್ನೊಬ್ಬರ ಹಾಳೆ ನೋಡಿ ಬರೆದಿದ್ದರು. ಪಕ್ಕದವನ ಉತ್ತರ ಕದಿಯುವ ಹುಡುಗ ಅವಸರದಲ್ಲಿ ಅವನ ನೋಂದಣಿ ಸಂಖ್ಯೆಯನ್ನೂ ಇಳಿಸಿಕೊಂಡ ಹಾಗೆ. ಜಾತಿ, ಹೊತ್ತು ಕದಿಯಬಹುದು. ದಿಕ್ಕು ಅವರವರು ಕೂತ ಜಾಗದ್ದು.

ಯಾರ ಹಾಳೆ ನಕಲೋ ಅವರು ಶುಕ್ರವಾರ ಒಂಬತ್ತು ಇಪ್ಪತ್ತನಾಲ್ಕಕ್ಕೆ ತಮ್ಮ ತಾಣದಲ್ಲಿರಲಿಲ್ಲ. ಎರಡು ವಾರದ ಕೆಳಗೂ ಇರಲಿಲ್ಲ. ಊರಿನವರೆಲ್ಲ ಕತ್ತಲಲ್ಲಿ ಕೂತು ಗೂಬೆ ಎಣಿಸುತ್ತಿದ್ದಾರೆಂದು ನಂಬಿಕೊಂಡ ಆ ಒಂದು ಗಂಟೆ, ಅವರು ಬೇರೆಲ್ಲೋ ಹೋಗಿ ಬರುತ್ತಿದ್ದರು. ಅದು ಮೇಷ್ಟ್ರಿಗೆ ಗೊತ್ತಾಗಿತ್ತು.

ಔಷಧಿ ಅಂಗಡಿಯವರೋ, ಡಾಕ್ಟರೋ?

ಮನಸ್ಸು ಆಗಲೇ ಒಬ್ಬರ ಕಡೆ ವಾಲಿತ್ತು. ಔಷಧಿ ಅಂಗಡಿಯವರು ಮಾತು ಮಾತಿಗೆ ಬೆವರು ಒರೆಸಿಕೊಳ್ಳುವ, ಯಾರ ಕಣ್ಣನ್ನೂ ನೇರ ನೋಡದ ಮನುಷ್ಯ. ಡಾಕ್ಟರೆಂದರೆ ಹಾಳೆಯ ಮೂಲೆ ಮಡಚಲೂ ಬಿಡದ ಶಿಸ್ತಿನ ಹೆಂಗಸು.

ಅಲ್ಲಿಗೆ ಅವಳು ತನ್ನನ್ನೇ ತಡೆದಳು. ಮೇಷ್ಟ್ರು ಮಾಡಿದ್ದೂ ಇದನ್ನೇ. ಒಂದು ಕಡೆ ಸಿಡುಕು ಬಾಯಿಯ ಲಿಫ್ಟ್ ರಿಪೇರಿಯವನು, ಇನ್ನೊಂದು ಕಡೆ ಯಾರೋ ಮರ್ಯಾದಸ್ಥರು. ಅವರು ಗೆರೆ ನೋಡಲಿಲ್ಲ, ಮುಖ ನೋಡಿ ತೀರ್ಪು ಕೊಟ್ಟರು.

ಎರಡು ಗೆರೆಯಿಂದ ಅಸಲು ನಕಲು ಹೇಳಲಾಗದು. ಮೂರನೆಯದು ಬೇಕು.

ನಾಲ್ಕನೆಯ ತಾಣ, ನೀರಿನ ಘಟಕದ ತೊಟ್ಟಿಯ ದಂಡೆ. ಕೋನಮಾಪಕ ಇಟ್ಟು ಎಪ್ಪತ್ತು ಡಿಗ್ರಿಗೆ ಚುಕ್ಕಿ ಹಾಕಿದಳು. ಸ್ಕೇಲು ಒತ್ತಿ ಹಿಡಿದು ಎಳೆದಳು. ಗೆರೆ ನೆಟ್ಟಗೆ ಬಂತು.

ಅದು ಮೈದಾನದ ಗೆರೆಯನ್ನು ಹಳೇ ಗಿರಣಿಯ ಚಿಮಣಿಯ ಮೇಲೆ ಕತ್ತರಿಸಿತು. ಕೊಂಬಿನ ಗೂಬೆ ಕೂರುವ ಜಾಗ ಅದು. ಸುತ್ತಲಲ್ಲಿ ಅಷ್ಟೆತ್ತರದ್ದು ಇನ್ನೊಂದಿಲ್ಲ.

ಕಾಲುಸೇತುವೆಯ ಗೆರೆಯನ್ನು ಅದು ಮುಟ್ಟಲೇ ಇಲ್ಲ. ಗಿರಣಿ ಕಾಲುಸೇತುವೆಗೆ ನೇರ ದಕ್ಷಿಣ. ಅಲ್ಲಿ ನಿಜವಾಗಿ ಕೂತವರಿಗೆ ಕೂಗು ದಕ್ಷಿಣದಿಂದ ಬರಬೇಕಿತ್ತು. ಹಾಳೆಯಲ್ಲಿದ್ದುದು ಈಶಾನ್ಯ.

ಬೆವರು ಒರೆಸಿಕೊಳ್ಳುವ ಮನುಷ್ಯ ನಿಜ ಬರೆದಿದ್ದರು. ನಕಲು ಡಾಕ್ಟರ ಹಾಳೆ.

ಅವಳು ಅದನ್ನು ಕೈಗೆತ್ತಿಕೊಂಡಳು. ಶುಕ್ರವಾರ ರಾತ್ರಿ ಡಾಕ್ಟರು ಹಾಳೆ ಒಪ್ಪಿಸಲು ಬಂದಿರಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದ್ದರು. ಹತ್ತೂಕಾಲಾದರೂ ಮೇಷ್ಟ್ರು ಬಾರದೆ, ಬಂದವರೆಲ್ಲ ಹುಡುಕಲು ಓಡಿದ್ದರು. ಮಿಕ್ಕ ನಾಲ್ಕು ಹಾಳೆ ಇದೇ ಮೇಜಿನ ಮೇಲೆ ಬೆಳಗಿನವರೆಗೆ ಬಿದ್ದಿದ್ದವು, ಬಾಗಿಲು ಹಾರು ಹೊಡೆದು. ಪೊಲೀಸರು ಬಂದರು, ಹೋದರು. ಏಳನೆಯ ತಾಣದ್ದು ಮರುದಿನ ಲಕೋಟೆಯಲ್ಲಿ ಬಂತು. ತಂದುಕೊಟ್ಟವನು ಒಬ್ಬ ಕಾನ್‌ಸ್ಟೆಬಲ್.

ಬಿಳಿ ಹಾಳೆ, ಕಪ್ಪು ಶಾಯಿ. ನಾಲ್ಕರ ಅಂಕಿಗಳು ವಿಚಿತ್ರವಾಗಿದ್ದವು: ತಲೆ ತೆರೆದು, ಕಾಲು ಉದ್ದಕ್ಕೆ ಇಳಿದು, ತುದಿಯಲ್ಲಿ ಮೀನಿನ ಗಾಳದಂತೆ ಎಡಕ್ಕೆ ಕೊಂಕಿದ್ದವು. ಡಾಕ್ಟರ ಬರವಣಿಗೆ ಯಾವತ್ತು ಓದುವ ಹಾಗಿತ್ತು, ಎಂದುಕೊಂಡಳು.

ಕಾರಿಡಾರಿನಲ್ಲಿ ಬೂಟಿನ ಸದ್ದು. ಹಾಳೆಗಳನ್ನು ಮೇಜಿನ ಡ್ರಾಯರಿಗೆ ತಳ್ಳಿದಳು. ಮೇಜಿನಷ್ಟಗಲದ ನಕ್ಷೆಯನ್ನು ಎಲ್ಲಿ ಬಚ್ಚಿಡುವುದು?

*

“ಹತ್ತು ನಿಮಿಷ ತಡ ಆಯ್ತು, ಬೈಕೋಬೇಡಿ,” ಎನ್ನುತ್ತ ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡರು. ಒಂದು ಕಾಗದ ಮುಂದಿಟ್ಟರು. “ಓದಿ ನೋಡಿ. ಚಿಕ್ಕದಾಗೇ ಬರೆಸಿದ್ದೀನಿ.”

ಚಿಕ್ಕದಾಗಿಯೇ ಇತ್ತು. ಸಂದೇಶದಲ್ಲಿ ಕೇಳುವುದು ಚಿಟ್ಟುಗೂಬೆ. ಅದು ಹಳೇ ಗಿರಣಿಯ ಬಳಿ ಮಾತ್ರ ಇರುತ್ತದೆ. ಆದುದರಿಂದ ಮಾತಾಡಿದ ವ್ಯಕ್ತಿ ಆ ಹೊತ್ತಿಗೆ ಗಿರಣಿಯ ಬಳಿ ಇದ್ದನು.

ಮೊದಲ ಎರಡು ಸಾಲು ನಿಜ. ಮೂರನೆಯದು ಸುಳ್ಳು. ಆ ಸುಳ್ಳಿಗೆ ತಮ್ಮನ ಬೆಲೆಯಿತ್ತು.

“ಸಹಿ ಹಾಕ್ದೇ ಇದ್ರೆ?”

“ಯಾಕೆ ಹಾಕಲ್ಲ?” ಅವರು ನಿಜಕ್ಕೂ ಚಕಿತರಾದಂತೆ ಕಂಡರು. “ಇಲ್ಲೀವರೆಗೆ ಬರೀ ವಿಚಾರಣೆ ಅಂತ ಇಟ್ಕೊಂಡಿದ್ದೀನಿ, ಅರೆಸ್ಟ್ ಬರೆದಿಲ್ಲ. ನಾಳೆ ಹನ್ನೊಂದಕ್ಕೆ ಅವನನ್ನ ಕೋರ್ಟಿಗೆ ಹಾಜರುಪಡಿಸ್ಬೇಕು. ಆಮೇಲೆ ನನ್ನ ಕೈ ಮೀರಿದ ಮಾತು. ಮೇಡಂ, ಒಡಹುಟ್ಟಿದವನು. ಯಾಕೆ ಯೋಚನೆ ಮಾಡ್ತೀರಿ?”

‘ಬಿಡಿಸೋ ಆತುರ ನನಗಿಂತ ಅವ್ರಿಗೇ ಜಾಸ್ತಿ.’

ಆಗ ಹೊಳೆಯಿತು. ಈ ಕಾಗದ ತಮ್ಮನನ್ನು ಬಿಡಿಸುವುದಷ್ಟೇ ಅಲ್ಲ, ಅವನ ಬಾಯನ್ನೂ ಹೊಲಿಯುತ್ತದೆ. ಗಿರಣಿ ರಸ್ತೆಯಲ್ಲಿದ್ದೆ ಎಂದು ಒಮ್ಮೆ ಬರೆದು ಕೊಟ್ಟವನು, ಮೇಷ್ಟ್ರು ನನಗೆ ಹೀಗೆ ಹೇಳಿದರು ಎಂದು ನಾಳೆ ಬಾಯಿ ಬಿಟ್ಟರೆ ನಂಬುವವರು ಯಾರು? ನಕಲು ಹಾಳೆಯ ಮಾತು ಮೇಷ್ಟ್ರ ಜೊತೆಗೇ ಮಣ್ಣು ಸೇರುತ್ತದೆ.

ಹೆಂಡತಿಯನ್ನು ಕಾಯುತ್ತಿದ್ದಾರೆಯೇ ಈ ಮನುಷ್ಯ? ತಿಳಿದೋ, ತಿಳಿಯದೆಯೋ?

ನಿಜ ಬರೆದರೆ ತಮ್ಮ ನಾಳೆ ಕಟಕಟೆಯಲ್ಲಿ. ಬರೆಯದಿದ್ದರೆ ಮೇಷ್ಟ್ರು ಎರಡನೆಯ ಸಲ ಮುಳುಗುತ್ತಾರೆ. ಕಲಿಸದೆ ಉಳಿಸಿದ್ದ ಅರ್ಧ ಪಾಠ ಇದೇ ಇರಬೇಕು ಎನಿಸಿತು: ಕೇಳಿದ್ದನ್ನು, ಯಾರಿಗೆ ಹಿತವಾಗಲಿ ಬಿಡಲಿ, ಕೇಳಿದ ಹಾಗೇ ಬರೆಯುವುದು.

“ಒಂದು ಮಾತು ಸೇರಿಸ್ಬೇಕು,” ಎಂದಳು. “ಜಾತಿ ಚಿಟ್ಟುಗೂಬೇನೇ. ಆದ್ರೆ...”

“ಸೇರಿಸೋಣ, ಸೇರಿಸೋಣ. ಮೊದಲು ಹೊತ್ತು ಹಾಕಿಬಿಡ್ತೀನಿ, ನಮ್ಮಲ್ಲಿ ಅದೊಂದು ಶಾಸ್ತ್ರ.” ಇನ್‌ಸ್ಪೆಕ್ಟರ್ ಕೈಗಡಿಯಾರ ನೋಡಿ, ಜೇಬಿನಿಂದ ಕಪ್ಪು ಶಾಯಿಯ ಪೆನ್ನು ತೆಗೆದು, ಕಾಗದದ ಮೂಲೆಯಲ್ಲಿ ಬರೆದರು.

4-40.

ತಲೆ ತೆರೆದ ನಾಲ್ಕುಗಳು. ಕಾಲು ಉದ್ದಕ್ಕೆ ಇಳಿದು, ತುದಿಯಲ್ಲಿ ಗಾಳದಂತೆ ಎಡಕ್ಕೆ ಕೊಂಕಿದ್ದವು.

ಹಾಳೆ ಬರೆದದ್ದು ಡಾಕ್ಟರಲ್ಲ. ಗೂಬೆಗೂ ಕಾಗೆಗೂ ವ್ಯತ್ಯಾಸ ಗೊತ್ತಿಲ್ಲದ, ಡಿಗ್ರಿ ಎಂದರೆ ಏನೆಂದು ತಿಳಿಯದ ಒಂದು ಕೈ, ಶುಕ್ರವಾರ ರಾತ್ರಿ ಈ ತೆರೆದ ಕೋಣೆಗೆ ಬಂದು, ಈ ಮೇಜಿನ ಪಕ್ಕ ನಿಂತು, ಡಾಕ್ಟರು ತಾಣದಲ್ಲೇ ಇದ್ದರೆಂದು ತೋರಿಸಲು ಬರೆದದ್ದು.

“ಆದ್ರೆ ಅಂದ್ರಿ. ಏನು ಆದ್ರೆ?”

“ಆದ್ರೆ... ಜಾತಿ ಹೆಸರಿನ ಕಾಗುಣಿತ ಒಮ್ಮೆ ನೋಡ್ಬೇಕು,” ಎಂದಳು. ತನ್ನ ದನಿ ತನಗೇ ಮುದ್ರಿಕೆಯಂತೆ ಕೇಳಿಸಿತು.

ಇನ್‌ಸ್ಪೆಕ್ಟರ್ ಅವರ ಕಣ್ಣು ಕಾಗದ ಬಿಟ್ಟು ಅದರ ಕೆಳಗಿದ್ದ ನಕ್ಷೆಗೆ ಇಳಿದಿತ್ತು. ಕಾಗದವನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದರು.

“ಇವೇನು ಗೆರೆ?”

“ಗಣತಿದು. ಹಾಳೆ ನೋಡಿ ಎಳೀತೀವಿ. ಒಂದು ತಾಣಕ್ಕೆ ಒಂದು.”

“ಇದು ಐದು, ಮೈದಾನ.” ದಪ್ಪ ಬೆರಳು ಮೊದಲ ಗೆರೆಯ ಮೇಲೆ ಹರಿಯಿತು. “ಇದು ಏಳು, ನಮ್ಮ ಮನೆಯವಳದು.” ಬೆರಳು ಎರಡನೆಯದರ ಮೇಲೆ ಹರಿದು, ನಿಂತು, ಹಿಂದೆ ಬಂತು. ಗಿರಣಿಯ ಚಿಮಣಿಯ ಮೇಲಿನ ಕತ್ತರಿಯನ್ನು ಮುಟ್ಟಿತು. ಅಲ್ಲಿಂದ ಮೂರನೆಯ ಗೆರೆಯನ್ನು ಹಿಡಿದು, ಅವಸರವಿಲ್ಲದೆ, ಪಶ್ಚಿಮಕ್ಕೆ, ನೀರಿನ ಘಟಕದ ತೊಟ್ಟಿಯವರೆಗೆ ಹೋಯಿತು.

ಪೆನ್ಸಿಲಿನ ಪುಡಿ ಇನ್ನೂ ಗೆರೆಯ ಮೇಲೇ ಇತ್ತು. ಬೆರಳ ತುದಿ ಕಪ್ಪಾಯಿತು. ಅವರು ಅದನ್ನು ನೋಡಿದರು.

“ನಾಲ್ಕನೇ ತಾಣದ ಹಾಳೆ ಸಿಕ್ಕೇ ಇಲ್ವಲ್ಲ, ಮೇಡಂ,” ಎಂದರು ಇನ್‌ಸ್ಪೆಕ್ಟರ್, ಅದೇ ಮೆತ್ತಗಿನ ದನಿಯಲ್ಲಿ. “ಮೇಷ್ಟ್ರೂ ಇಲ್ಲ. ಮತ್ತೆ ಈ ಗೆರೆ ಎಲ್ಲಿಗೆ ಎಳೀಬೇಕು ಅಂತ ನಿಮಗೆ ಹೇಳಿದ್ದು ಯಾರು?”

ಅವಳು ಬಾಯಿ ತೆರೆಯುವ ಮೊದಲೇ ಅವರು ಫೋನು ತೆಗೆದು ಠಾಣೆಯ ನಂಬರು ಒತ್ತಿದರು.

“ಹಿಂದಿನ ಕೋಣೆ ಹುಡುಗ ಏನ್ಮಾಡ್ತಿದ್ದಾನೆ?” ಎಂದು ಕೇಳಿದರು. ಆಮೇಲೆ, ಅವಳ ಮುಖದಿಂದ ಕಣ್ಣು ಕೀಳದೆ: “ಬಾಗಿಲು ಹಾಕ್ಕೊಂಡು ನೀವೆಲ್ಲ ಟೀಗೆ ಹೋಗಿ. ಅವನ ಹತ್ರ ನಾನೇ ಬರ್ತೀನಿ.”